ಒಂದೇ ಮಂಚದ ಎರಡು ಪಾಳಿ

ಬನ್ನಣ್ಣನ ಹೆಸರು ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ, ಮುಖ ನೋಡಿದವರು ಮಾತ್ರ ಕಡಿಮೆ. ಊರು ಮಲಗುವ ಹೊತ್ತಿಗೆ ಅವನು ಬೇಕರಿಯ ಹಿಂಬಾಗಿಲಿನಿಂದ ಒಳಗೆ ಹೋಗುತ್ತಿದ್ದ, ಊರು ಏಳುವ ಮೊದಲೇ ಮನೆ ಸೇರುತ್ತಿದ್ದ. ಮದುವೆಗೆ ಮುಂಚಿನಿಂದಲೂ ಹೀಗೇ. ರಾತ್ರಿಯೆಲ್ಲ ಹಿಟ್ಟು ನಾದುವುದು, ಉಬ್ಬಲು ಬಿಡುವುದು, ಒಲೆಗೆ ತಳ್ಳುವುದು, ಹೊರಗೆಳೆಯುವುದು. ಬ್ರೆಡ್ಡಿನ ಬೆನ್ನು ತಟ್ಟಿ, ಸದ್ದು ಕೇಳಿ, ಒಳಗೆ ಬೆಂದಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ಹಗಲಿನ ವ್ಯವಹಾರದಲ್ಲಿ ಮಾತ್ರ ಆಸಾಮಿ ಹಸುಗೂಸು. ಬ್ಯಾಂಕು ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದ.

ಅವನ ಹೆಂಡತಿ ಸಿಟಿ ಬಸ್ಸಿನ ಡ್ರೈವರ್. ಬೆಳಗಿನ ಮೊದಲ ಬಸ್ಸು ಅವಳದು. ಮಧ್ಯಾಹ್ನ ಡಿಪೋದಲ್ಲೇ ಒಂದಿಷ್ಟು ಬಿಡುವು, ಆಮೇಲೆ ಸಂಜೆಯ ಗದ್ದಲ ಮುಗಿಯುವವರೆಗೆ ಮತ್ತೆ ಸ್ಟಿಯರಿಂಗು. ಅವನು ಬಾಗಿಲು ತೆಗೆದು ಒಳಗೆ ಬರುವಾಗ ಅವಳು ಯೂನಿಫಾರ್ಮಿನ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಹೊರಟಿರುತ್ತಿದ್ದಳು. ಹಾಸಿಗೆಯ ಬಿಸಿ ಆರುವ ಮೊದಲೇ ಅವನು ಅದರಲ್ಲಿ ಬಿದ್ದುಕೊಳ್ಳುತ್ತಿದ್ದ. ಮದುವೆಯಾದ ಹೊಸದರಲ್ಲಿ, ಪಾಳಿ ಬದಲಾದ ಮೇಲೆ ದೊಡ್ಡದು ಕೊಳ್ಳೋಣ ಎಂದುಕೊಂಡು ತಂದ ಒಬ್ಬರ ಮಂಚ ಅದು. ಪಾಳಿ ಬದಲಾಗಲೇ ಇಲ್ಲ, ಮಂಚವೂ ಬದಲಾಗಲಿಲ್ಲ. ವಾರದ ರಜೆಯಾದರೂ ಒಂದೇ ದಿನ ಬರಬಾರದೇ? ಅವಳಿಗೆ ಭಾನುವಾರ, ಅವನಿಗೆ ಮಂಗಳವಾರ. ರಜೆಯ ರಾತ್ರಿ ಅವನಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಅವಳಿಗೆ ಎಚ್ಚರವಾದೀತೆಂದು ಅಡುಗೆಮನೆಯಲ್ಲಿ ಕೂತು ಬೆಳಗು ಮಾಡುತ್ತಿದ್ದ. ಸಂಜೆ ಊಟಕ್ಕೆ ಒಟ್ಟಿಗೆ ಕೂತರೂ ಒಬ್ಬರಿಗೆ ಆಕಳಿಕೆ, ಇನ್ನೊಬ್ಬರಿಗೆ ಆಗಷ್ಟೇ ಮುಖ ತೊಳೆದ ಹುರುಪು.

ಹೀಗಿದ್ದೂ ಇಬ್ಬರ ನಡುವೆ ಜಗಳವಿರಲಿಲ್ಲ. ಜಗಳಕ್ಕೂ ಪುರುಸೊತ್ತು ಬೇಕಲ್ಲ!

"ನಾನು ಹುಟ್ಟಿದ್ದಾದ್ರೂ ಹೇಗಮ್ಮ?" ಎಂದು ದೊಡ್ಡವಳಾದ ಮಗಳು ಒಮ್ಮೆ ಕೀಟಲೆ ಮಾಡಿದ್ದಳು.

"ಆ ವರ್ಷ ಬಸ್ ಮುಷ್ಕರ ಇತ್ತು ಕಣೇ," ಎಂದಿದ್ದಳು ತಾಯಿ, ಮುಖದ ಒಂದು ಗೆರೆಯೂ ಅಲ್ಲಾಡದಂತೆ.

ಆ ಮಗಳು ಕೆಲಸ ಹಿಡಿದು ಬೇರೆ ಊರಿಗೆ ಹೋದ ಮೇಲೆ, ಒಂದು ಸಂಜೆ ಊಟದ ನಡುವೆ ಹೆಂಡತಿ ತಟ್ಟೆಯಿಂದ ಕೈ ತೆಗೆದು ಹೇಳಿದಳು: "ರೀ, ನನ್ನ ಬಸ್ಸಿನ ಕೊನೇ ಸ್ಟಾಪ್ ಇರೋದು ಬಂದರಿನ ಹತ್ರ. ಗೋಡೆ ಆಚೆ ಹಡಗು ನಿಂತಿರುತ್ತೆ. ಇಷ್ಟು ವರ್ಷ ಅಲ್ಲಿಗೆ ಹೋಗಿ ಬಸ್ ತಿರುಗಿಸ್ಕೊಂಡು ಬರೋದೇ ಆಯ್ತು. ಒಂದ್ಸಲ ತಿರುಗಿಸದೆ ಮುಂದಕ್ಕೆ ಹೋಗ್ಬೇಕು ಅನ್ಸುತ್ತೆ. ನಾವಿಬ್ಬರೇ."

ಬನ್ನಣ್ಣನ ತುತ್ತು ಬಾಯಲ್ಲೇ ಉಳಿಯಿತು. ಹೆಂಡತಿ ತನಗಾಗಿ ಏನನ್ನಾದರೂ ಕೇಳಿದ್ದು ಅವನಿಗೆ ನೆನಪಿರಲಿಲ್ಲ. "ಹೋಗೋಣ," ಎಂದುಬಿಟ್ಟ. ಎಲ್ಲಿಗೆ, ಹೇಗೆ, ಯಾವಾಗ ಎಂಬುದು ಆಮೇಲೆ ಹೊಳೆದ ಪ್ರಶ್ನೆಗಳು.

ಪ್ರವಾಸದ ಆಫೀಸಿಗೆ ಹೋಗಲು ಅವಳು ಒಂದು ಮಂಗಳವಾರ ರಜೆ ಹಾಕಿದಳು. ಗಾಜಿನ ಪೆಟ್ಟಿಗೆಯೊಳಗೆ ಮೇಜಿನಷ್ಟುದ್ದದ ಹಡಗಿನ ಮಾದರಿಯಿತ್ತು. ಸಾಲು ಸಾಲು ಕಿಟಕಿ, ಮೇಲೆ ಈಜುಕೊಳ, ಕಟಕಟೆ ಹಿಡಿದು ನಿಂತ ಎಳ್ಳುಕಾಳಿನಷ್ಟು ಮನುಷ್ಯರು. ಬನ್ನಣ್ಣ ಬಗ್ಗಿ ನೋಡಿದ, ಕೂತು ನೋಡಿದ, ಸುತ್ತ ಒಂದು ಸುತ್ತು ಬಂದ.

"ಇದರೊಳಗೆ ಬ್ರೆಡ್ ಯಾರಮ್ಮ ಮಾಡೋದು?" ಎಂದು ಅಲ್ಲಿದ್ದ ಹುಡುಗಿಯನ್ನು ಕೇಳಿದ.

"ಹಡಗಲ್ಲೇ ಬೇಕರಿ ಇದೆ ಸರ್. ರಾತ್ರಿಯೆಲ್ಲ ನಡೆಯುತ್ತೆ."

"ನೀವು ಆ ಕಡೆ ತಲೆ ಹಾಕಿದ್ರೆ ನಾನು ಈಜಿ ವಾಪಸ್ ಬರ್ತೀನಿ," ಎಂದಳು ಹೆಂಡತಿ.

ಹುಡುಗಿಗೆ ಇವರು ಹಿಡಿಸಿದರು. ನಾಲ್ಕೈದು ದಾರಿ ತೋರಿಸಿದಳು: ದಿನಕ್ಕೊಂದು ಊರಿನಲ್ಲಿ ನಿಲ್ಲುವುದು, ದ್ವೀಪ ಸುತ್ತುವುದು, ಎಲ್ಲೂ ನಿಲ್ಲದೆ ಸಮುದ್ರದಲ್ಲೇ ಹೋಗಿ ಬರುವುದು. ಹೆಂಡತಿ ಕೊನೆಯದರ ಮೇಲೆ ಬೆರಳಿಟ್ಟಳು. ಸ್ಟಾಪೇ ಇಲ್ಲದ ದಾರಿ ಅವಳ ಕಣ್ಣಿಗೆ ಬೀಳದೆ ಇರುತ್ತದೆಯೇ! ಮೊದಲ ಸಲ ಹೋಗುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೋಣೆ ಹಿಡಿದರೆ ತೂಗಾಟ ಕಡಿಮೆ ಎಂದು ಹುಡುಗಿ ಹೇಳಿದಳು. "ಬಸ್ಸಲ್ಲೂ ಹಾಗೇ, ನಡುವಿನ ಸೀಟೇ ಒಳ್ಳೇದು," ಎಂದು ಹೆಂಡತಿ ತಲೆಯಾಡಿಸಿದಳು. ಎಲ್ಲ ಸುಸೂತ್ರವಾಗಿ ನಡೆದಿತ್ತು.

"ಮಂಚ ಹೇಗಿರಲಿ ಸರ್? ಜೋಡಿ ಮಂಚನಾ, ಬೇರೆ ಬೇರೆ ಎರಡಾ?"

"ಎರಡು ಯಾಕಮ್ಮ ದಂಡಕ್ಕೆ? ಒಬ್ಬರು ಮಲಗೋ ಅಂಥದ್ದು ಒಂದಿದ್ರೆ ಸಾಕು," ಎಂದ ಬನ್ನಣ್ಣ.

"ಸಾಕು ಸಾಕು. ನಮ್ಮನೇಲೂ ಅಷ್ಟೇ ಇರೋದು," ಎಂದಳು ಹೆಂಡತಿ.

ಹುಡುಗಿಯ ಪೆನ್ನು ನಿಂತಿತು. ಇವನ ಮುಖ ನೋಡಿದಳು, ಅವಳ ಮುಖ ನೋಡಿದಳು. "ಹಾಗಾದ್ರೆ... ನಿಮ್ಮಿಬ್ಬರಲ್ಲಿ ಹೋಗೋದು ಯಾರು?"

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರು. ಮೊದಲು ಅವಳಿಗೆ ನಗು ಬಂತು, ಆಮೇಲೆ ಅವನಿಗೆ, ವಿಷಯ ಗೊತ್ತಾದ ಮೇಲೆ ಹುಡುಗಿಗೂ. ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತ ಹೆಂಡತಿ ಕಣ್ಣೊರೆಸಿಕೊಂಡಳು. ಉಳಿದಿಬ್ಬರ ನಗು ನಿಂತ ಮೇಲೂ ಒರೆಸಿಕೊಳ್ಳುತ್ತಲೇ ಇದ್ದಳು. ಹುಡುಗಿ ನೀರು ತಂದುಕೊಟ್ಟಳು.

"ಯೋಚ್ನೆ ಮಾಡಿ ಇನ್ನೊಂದಿನ ಬರ್ತೀವಮ್ಮ," ಎಂದು ಹೆಂಡತಿ ಎದ್ದುಬಿಟ್ಟಳು.

ಮನೆಗೆ ಬರುವ ಬಸ್ಸಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಅರ್ಧ ದಾರಿಯಲ್ಲಿ ಬಾಯಿಬಿಟ್ಟಳು. "ನೀವು ಅಲ್ಲೂ ಹಗಲೆಲ್ಲ ಮಲಗಿ ರಾತ್ರಿ ಓಡಾಡ್ಕೊಂಡಿರ್ತೀರ. ನಾನು ರಾತ್ರಿ ಮಲಗಿ ಬೆಳಗ್ಗೆ ಎದ್ದು ಒಬ್ಬಳೇ ಸಮುದ್ರ ನೋಡ್ಕೊಂಡು ಕೂರ್ತೀನಿ. ಅದಕ್ಕೆ ಹಡಗು ಯಾಕ್ರೀ ಬೇಕು?"

ಅವನು ಕೈಯಲ್ಲಿದ್ದ ಟಿಕೆಟ್ಟನ್ನು ಮಡಚಿ ಮಡಚಿ ಚಿಕ್ಕದು ಮಾಡಿದ.

"ನಂಗೆ ಈಜುಕೊಳ ಬೇಡ, ಏನೂ ಬೇಡ. ಬೆಳಗ್ಗೆ ಕಣ್ಣು ಬಿಟ್ಟಾಗ ನೀವು ಪಕ್ಕದಲ್ಲಿ ಮಲಗಿರ್ಬೇಕು. ಅಷ್ಟೇ. ಆಗಲ್ಲ ಅಂದ್ರೆ ಈಗ್ಲೇ ಹೇಳಿ, ಇದನ್ನ ಇಲ್ಲಿಗೇ ಬಿಡೋಣ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ."

ಹೆಂಡತಿ ಬೇಜಾರು ಮಾಡಿಕೊಳ್ಳುವುದಿಲ್ಲ ಎಂದರೆ ಆಗಲೇ ಮುಕ್ಕಾಲು ಪಾಲು ಮಾಡಿಕೊಂಡಿದ್ದಾಳೆ ಎಂದು ತಿಳಿಯದಷ್ಟು ದಡ್ಡನಲ್ಲ ಬನ್ನಣ್ಣ. ಅವಳು ಕೇಳಿದ್ದು ಲೋಕದ ಎಲ್ಲ ಗಂಡಂದಿರೂ ಮೈಮರೆತು ಮಾಡುವ ಕೆಲಸ. ಅದೊಂದೇ ತನ್ನ ಕೈಯಲ್ಲಾಗುತ್ತದೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ.

ಮಾರನೆಯ ದಿನವೇ ಬೇಕರಿ ಯಜಮಾನರ ಮುಂದೆ ನಿಂತ. ತಾವಿಬ್ಬರೂ ಹಡಗು ಹತ್ತುವ ತನಕ ತನ್ನನ್ನು ಹಗಲು ಕೌಂಟರಿಗೆ ಹಾಕಬೇಕು, ರಾತ್ರಿ ನಿದ್ದೆ ಕಲಿಯಬೇಕಾಗಿದೆ ಎಂದ.

"ರಾತ್ರಿ ಹಿಟ್ಟು ಯಾರಯ್ಯಾ ನಾದೋದು, ನಿಮ್ಮಪ್ಪನಾ?"

"ನಮ್ಮಪ್ಪ ಹೋಗಿ ಎಷ್ಟೋ ಕಾಲ ಆಯ್ತು. ನೀವೇ ನಾದಬೇಕು."

ಯಜಮಾನರು ಗೊಣಗಿದರು, ಕೂಗಾಡಿದರು, ಕೊನೆಗೆ ಅಂಗಿಯ ತೋಳು ಮಡಚಿ ತಾವೇ ಇಳಿದರು. ಮೊದಲ ದಿನದ ಬ್ರೆಡ್ಡು ಇಟ್ಟಿಗೆಯಂತಿತ್ತು. ಬನ್ನಣ್ಣ ಕಂಡೂ ಕಾಣದಂತಿದ್ದ.

ಆದರೆ ಕೌಂಟರಿನ ಹಿಂದೆ ನಿಂತ ಬನ್ನಣ್ಣ ಕಂಡದ್ದೇನು! ಇಷ್ಟು ವರ್ಷ ಅವನ ಬನ್ನುಗಳು ಟ್ರೇಯಲ್ಲಿ ಬಾಗಿಲು ದಾಟುತ್ತಿದ್ದವು, ಅಲ್ಲಿಗೆ ಮುಗಿಯುತ್ತಿತ್ತು. ಈಗ ಶಾಲೆಗೆ ಹೊರಟ ಒಂದು ಮಗು ಬೆಚ್ಚಗಿನ ಬನ್ನನ್ನು ಮೊದಲು ಕೆನ್ನೆಗೆ ಒತ್ತಿಕೊಂಡು ಆಮೇಲೆ ಕಚ್ಚಿತು. ಗಾರೆ ಕೆಲಸದವನೊಬ್ಬ ಬ್ರೆಡ್ಡು ಮುರಿದು ಅರ್ಧವನ್ನು ಜೊತೆಗಾರನ ಕೈಗಿಟ್ಟ. ಒಬ್ಬ ಅಜ್ಜಿ ಪೊಟ್ಟಣ ಬಿಚ್ಚಿ ಮೂಸಿ, ಕಣ್ಣು ಮುಚ್ಚಿ, ಮತ್ತೆ ಕಟ್ಟಿಕೊಂಡು ಹೋದಳು. ಇಷ್ಟು ಜನರ ಬೆಳಗು ತನ್ನ ಕೈಯಿಂದ ಶುರುವಾಗುತ್ತಿತ್ತು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಒಂದು ಸಂಜೆ ಕೆಲಸ ಮುಗಿಸಿ ಎದುರಿನ ಸ್ಟಾಪಿನಲ್ಲಿ ಅವಳ ಬಸ್ಸನ್ನೇ ಹತ್ತಿದ. ಅವಳು ಕನ್ನಡಿಯಲ್ಲಿ ನೋಡಿ ಹುಬ್ಬೇರಿಸಿದಳು. ಬಸ್ಸು ಓಡಿಸುವಾಗ ಮಾತಾಡುವ ಜಾಯಮಾನ ಅವಳದಲ್ಲ. ಇಕ್ಕಟ್ಟಿನ ತಿರುವಿನಲ್ಲಿ ಒಂದು ಕಡೆ ಲಾರಿ, ಇನ್ನೊಂದು ಕಡೆ ತಳ್ಳುಗಾಡಿ. ಬನ್ನಣ್ಣ ಉಸಿರು ಬಿಗಿಹಿಡಿದ. ಅವಳು ಮೈಯೆಲ್ಲ ಕಣ್ಣಾಗಿ, ಅಷ್ಟುದ್ದದ ಬಸ್ಸನ್ನು ಹಿಟ್ಟಿನ ಉಂಡೆ ತಿರುಗಿಸಿದಷ್ಟು ಸಲೀಸಾಗಿ ತಿರುಗಿಸಿದಳು. ನಿಂತ ಜನ ಒಬ್ಬರೂ ತೂಕ ತಪ್ಪಲಿಲ್ಲ, ಹಿಂದಿನ ಸೀಟಿನ ಮಗುವಿಗೆ ಎಚ್ಚರವೂ ಆಗಲಿಲ್ಲ. ಸಂಜೆಯ ಊಟದಲ್ಲಿ ತೂಕಡಿಸುವ ಹೆಂಗಸು ಇವಳೇನಾ ಎಂದು ಅವನು ಬಾಯಿ ಬಿಟ್ಟುಕೊಂಡು ನೋಡಿದ. ಪಕ್ಕದಲ್ಲಿದ್ದವನ ತೋಳು ತಟ್ಟಿ, "ನಮ್ಮ ಮನೆಯವಳು," ಎಂದ. ಆತ ಸ್ವಲ್ಪ ಸರಿದು ಕೂತ.

ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ಬಂದರಿನ ಗೋಡೆಯ ಆಚೆ, ಗೋಡೆಗಿಂತ ಎಷ್ಟೋ ಎತ್ತರಕ್ಕೆ, ಬೆಳ್ಳಗೆ ಒಂದು ಹಡಗು ನಿಂತಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಬಗ್ಗಿ ನೋಡಿದ್ದನ್ನು ಇಲ್ಲಿ ಕತ್ತು ನೋಯುವಷ್ಟು ಎತ್ತಿ ನೋಡಬೇಕಾಯಿತು.

"ಇಷ್ಟು ದೊಡ್ಡದನ್ನ ನೀರು ಹೊತ್ಕೊಂಡಿದ್ಯಾ?"

"ದಿನಾ ನೋಡ್ತೀನಿ, ದಿನಾ ಇದನ್ನೇ ಕೇಳ್ಕೋತೀನಿ," ಎಂದಳು ಅವಳು. ಆಮೇಲೆ ಮೆಲ್ಲಗೆ, "ನಿದ್ದೆ?"

"ನಿನ್ನೆ ಒಂದು ಜೊಂಪು ಬಂತು."

ಒಂದು ಜೊಂಪು, ಅಷ್ಟೇ. ನಿಜ ಹೇಳಬೇಕೆಂದರೆ ಕಲಿಕೆ ಕುಂಟುತ್ತಿತ್ತು. ಮಂಚದ ಪಕ್ಕ ಚಾಪೆ ಹಾಸಿ ಮಲಗುತ್ತಿದ್ದ. ಬಿಸಿ ಹಾಲು ಕುಡಿದ, ದೀಪ ಆರಿಸಿ ಒಂದು, ಎರಡು ಎಂದು ಎಣಿಸಿದ, ಹೊರಳಿದ. ಬೆಳಗ್ಗೆ ಅವಳು ಏಳುವ ಹೊತ್ತಿಗೆ ಮಾತ್ರ ತಪ್ಪದೆ ಅಡುಗೆಮನೆಯಲ್ಲಿ ಎದ್ದು ಕೂತಿರುತ್ತಿದ್ದ. ಅವಳು ಅವನ ಹೆಗಲು ಮುಟ್ಟಿ ಮುಖ ತೊಳೆಯಲು ಹೋಗುತ್ತಿದ್ದಳು. ಹಾಗಿದ್ದೂ ಇಬ್ಬರೂ ಮತ್ತೆ ಆಫೀಸಿಗೆ ಹೋಗಿ, ನಡುಭಾಗದಲ್ಲಿ, ಕಿಟಕಿಯಿರುವ ಕೋಣೆಯನ್ನು, ಅಗಲವಾದ ಜೋಡಿ ಮಂಚವನ್ನು ಹಿಡಿದರು. "ಕಿಟಕಿ ಕಡೆ ಯಾರು ಮಲಗ್ತೀರಿ?" ಎಂದು ಹುಡುಗಿ ನಗುತ್ತ ಕೇಳಿದಾಗ ಇಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಇಬ್ಬರೂ ಜೀವಮಾನವಿಡೀ ಮಂಚದ ಮಧ್ಯದಲ್ಲಿ ಮಲಗಿದವರು.

ಹಡಗು ಹೊರಟದ್ದು ಒಂದು ಸಂಜೆ. ಗೋಡೆ ಹಿಂದೆ ಉಳಿಯಿತು, ಅದರಾಚೆಯ ಬಸ್ ಸ್ಟಾಪು ಚಿಕ್ಕದಾಗಿ ಮರೆಯಾಯಿತು. ಅವಳು ಕಟಕಟೆ ಹಿಡಿದು ಅದನ್ನೇ ನೋಡಿದಳು, ಆಮೇಲೆ ಬೇಕೆಂದೇ ಬೆನ್ನು ತಿರುಗಿಸಿ ಮುಂದಕ್ಕೆ ನೋಡಿದಳು. ಮುಂದೆ ನೀರು. ಎಡಕ್ಕೆ ನೀರು, ಬಲಕ್ಕೆ ನೀರು. ಬೀದಿಯಿಲ್ಲ, ತಿರುವಿಲ್ಲ, ಇಳಿಯುವವರಿಲ್ಲ. ಸೂರ್ಯ ನೀರಿಗೆ ತಾಗಿದಾಗ ಅಷ್ಟಗಲದ ಸಮುದ್ರ ಪೂರ್ತಿ ಕೆಂಪಾಯಿತು. ಜಗತ್ತಿನಲ್ಲಿ ಇಷ್ಟೊಂದು ಜಾಗ ಇತ್ತೇ, ಇದನ್ನೆಲ್ಲ ಬಿಟ್ಟು ನಾವು ಒಂದು ಕೋಣೆಯಲ್ಲಿ ಸರದಿಯ ಮೇಲೆ ಮಲಗಿದೆವೇ ಎಂದು ಬನ್ನಣ್ಣನಿಗೆ ಅನಿಸಿತು. ಅವಳ ಕೈ ಹಿಡಿದುಕೊಂಡ. ಕೈ ತಣ್ಣಗಿತ್ತು; ಅವಳಿಗೂ ಭಯವಿತ್ತು, ಸಮುದ್ರದ್ದಲ್ಲ, ನಾಳೆ ಬೆಳಗಿನದು.

ಆ ರಾತ್ರಿ ಏನೇನಾಯಿತು ಎಂದು ಬನ್ನಣ್ಣನನ್ನು ಕೇಳಿ ಪ್ರಯೋಜನವಿಲ್ಲ. ಅವನಿಗೆ ಗೊತ್ತಿಲ್ಲ. ಅವನು ನಿದ್ದೆ ಮಾಡುತ್ತಿದ್ದ.

ಹಡಗಿನ ಮೆಲ್ಲನೆಯ ತೂಗಾಟವೋ, ಪಕ್ಕದಲ್ಲಿ ಅವಳ ಉಸಿರೋ, ದೇಹ ಕೊನೆಗೂ ಸೋತು ಕೈಚೆಲ್ಲಿತೋ, ಯಾರು ಬಲ್ಲರು? ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬೂದು ಬೆಳಕಿತ್ತು. ಎದ್ದು ಕೂರಲು ಹೊರಟವನು ಹಾಗೇ ಉಳಿದ. ಅವಳು ಅವನ ಕಡೆ ಮುಖ ಮಾಡಿ ಮಲಗಿದ್ದಳು. ಕೆನ್ನೆಯ ಕೆಳಗೆ ಅಂಗೈ, ಬಾಯಿ ಒಂದಿಷ್ಟು ತೆರೆದಿತ್ತು, ಹಣೆಯ ಮೇಲೆ ಒಂದೆಳೆ ಬಿಳಿಗೂದಲು. ಅವಳು ನಿದ್ದೆಯಿಂದ ಏಳುವುದನ್ನು ಅವನು ಎಂದೂ ನೋಡಿರಲಿಲ್ಲ. ಅವನು ಕಂಡ ಹೆಂಡತಿ ಯಾವಾಗಲೂ ಎದ್ದಾದವಳು, ತಲೆ ಬಾಚಿದವಳು, ಹೊರಟವಳು. ಸಮುದ್ರ ನೋಡಿ ಮಾತು ನಿಂತಿದ್ದ ಬನ್ನಣ್ಣನಿಗೆ ಈಗ ಉಸಿರಾಡುವುದೂ ಗದ್ದಲ ಎನಿಸಿತು.

ಅವಳ ರೆಪ್ಪೆ ಅಲುಗಿತು. ಕಣ್ಣು ತೆರೆದಳು, ಅವನ ಮುಖ ಕಂಡಿತು. ತಕ್ಷಣ ಅವಳು ಗಾಬರಿಯಿಂದ ಅರ್ಧ ಎದ್ದು ಕಾಲು ಕೆಳಗಿಟ್ಟಳು. ಅವನ ಮುಖ ಕಂಡಿತೆಂದರೆ ಹೊರಡುವ ಹೊತ್ತಾಯಿತೆಂದೇ ಲೆಕ್ಕ.

"ಅಯ್ಯೋ, ಬಂದ್ಬಿಟ್ರಾ? ನಂಗೆ ತಡ ಆಯ್ತಾ?"

"ಇಲ್ಲ ಕಣೇ," ಎಂದ ಬನ್ನಣ್ಣ. "ನಾನು ಬಂದಿದ್ದಲ್ಲ. ರಾತ್ರಿಯಿಂದ ಇಲ್ಲೇ ಇದ್ದೀನಿ."

ಅವಳು ಕೆಳಗಿಟ್ಟ ಕಾಲನ್ನು ನೋಡಿಕೊಂಡಳು. ಅವನನ್ನು ನೋಡಿದಳು, ದಿಂಬಿನ ಮೇಲೆ ಅವನ ತಲೆ ಒತ್ತಿ ಬಿದ್ದ ತಗ್ಗನ್ನು ನೋಡಿದಳು. ನಿಧಾನವಾಗಿ ಕಾಲು ಮೇಲೆಳೆದುಕೊಂಡು, ಹೊದಿಕೆ ಸರಿಮಾಡಿಕೊಂಡು, ಅವನ ತೋಳಿಗೆ ಹಣೆ ಒತ್ತಿ ಅತ್ತಳು. ಕಿಟಕಿಯಾಚೆ ಸೂರ್ಯ ಹುಟ್ಟಿದ. ಮೇಲಿನ ಅಂತಸ್ತಿನಲ್ಲಿ ಜನ ಅದನ್ನು ನೋಡಲು ನೂಕಾಡುತ್ತಿದ್ದ ಸದ್ದು ಕೇಳುತ್ತಿತ್ತು. ಇವರಿಬ್ಬರೂ ಏಳಲಿಲ್ಲ.