ಬಲಗಡೆ ಸೀಟಿನ ಭಾವ

ತೀರ್ಥಹಳ್ಳಿಯಿಂದ ಸಾಗರಕ್ಕೆ ಬೆಳಗಿನ ಬಸ್ಸಿಗೆ ಹೊರಟೆವು, ನಾನು ಮತ್ತು ಅಕ್ಕನ ಗಂಡ. ಎಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ಇಬ್ಬರ ಟಿಕೆಟನ್ನೂ ಭಾವನೇ ತೆಗೆಸಿದರು. ಅವರು ಕೈ ಬಿಚ್ಚಿದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು.

ಕೊಲ್ಲಿ ದೇಶದಿಂದ ಮರಳಿದವರೊಬ್ಬರು ಹಡಗಿನಲ್ಲಿ ತಂದಿದ್ದ ಜಪಾನಿನ ಕಾರು ಸಾಗರದಲ್ಲಿ ಮಾರಾಟಕ್ಕಿತ್ತು. ಎರಡೇ ಬಾಗಿಲು, ಐದು ಗೇರು, ಎರಡು ಕಾರ್ಬುರೇಟರ್. ಅರ್ಧ ಹಣ ನನ್ನದು, ಅರ್ಧ ಭಾವನದು. ಆರ್‌ಟಿಓ ಓಡಾಟ ತಾವೇ ಮಾಡುವುದರಿಂದ ಕಾಗದಪತ್ರ ತಮ್ಮ ಹೆಸರಿಗೇ ಮಾಡಿಸಿಕೊಳ್ಳುವುದಾಗಿ ಅವರು ಮೊದಲೇ ಹೇಳಿದ್ದರು. ಹಿಂದಿನ ಸೀಟು ಕಿತ್ತು, ಗಟ್ಟಿ ಸ್ಪ್ರಿಂಗ್ ಹಾಕಿಸಿ, ಮುಂದೆ ನಾಲ್ಕು ದೀಪ ಕೂರಿಸಿ, ರ‍್ಯಾಲಿಯಲ್ಲಿ ಆಗುಂಬೆ ಘಾಟಿ ಹತ್ತಿಸಬೇಕೆಂಬುದು ನನ್ನ ಆಸೆ. ಮಂಗಳೂರಿನಿಂದ ಹೊಸ ಸ್ಪಾರ್ಕ್ ಪ್ಲಗ್ಗುಗಳನ್ನೂ ತರಿಸಿ ಚೀಲದಲ್ಲಿಟ್ಟುಕೊಂಡಿದ್ದೆ. ದಾರಿಯುದ್ದಕ್ಕೂ ನಾನು ಇದನ್ನೇ ಕೊರೆಯುತ್ತಿದ್ದೆ. ಭಾವ ಹ್ಞೂಂ ಎನ್ನುತ್ತಿದ್ದರು. ಅದನ್ನು ಒಪ್ಪಿಗೆ ಎಂದುಕೊಂಡ ಪೆದ್ದ ನಾನೇ.

ಸಾಗರದಲ್ಲಿ ಹೋಟೆಲಿನ ದೋಸೆ ತಣ್ಣಗಿತ್ತು, ಚಟ್ನಿ ನೀರಾಗಿತ್ತು, ಆದರೂ ಎರಡು ತಿಂದೆ. ಅಷ್ಟು ಖುಷಿಯಲ್ಲಿದ್ದೆ. ಕಾರಿನ ಯಜಮಾನರು ಪಂಚೆಯ ಅಂಚಿನಿಂದ ಬಾನೆಟ್ಟಿನ ಧೂಳು ಒರೆಸಿ ಎತ್ತಿ ತೋರಿಸಿದರು.

"ಪೆಟ್ರೋಲ್ ಚೆನ್ನಾಗಿ ಕುಡಿತದೆ, ಸುಳ್ಳು ಹೇಳಲ್ಲ. ಆದ್ರೆ ಈ ಇಂಜಿನ್ನಿಗೆ ಯಾರೂ ಕೈ ಹಾಕಿಲ್ಲ. ನೀವೂ ಹಾಕ್ಸಬೇಡಿ."

"ಇಲ್ಲಪ್ಪ, ಎಲ್ಲಾದ್ರೂ ಉಂಟಾ," ಎಂದರು ಭಾವ.

ಹಣ ಎಣಿಸಿಕೊಟ್ಟು ಹೊರಟೆವು, ಓಡಿಸಿದ್ದು ನಾನು. ಕೊಲ್ಲಿ ದೇಶಕ್ಕೆಂದು ಮಾಡಿದ ಗಾಡಿಯಾದ್ದರಿಂದ ಸ್ಟೇರಿಂಗ್ ಎಡಗಡೆ. ನಮ್ಮ ಕಿರಿದಾದ ರಸ್ತೆಯಲ್ಲಿ ಮುಂದಿನ ಗಾಡಿಯನ್ನು ಹಿಂದೆ ಹಾಕಬೇಕಾದರೆ ಓಡಿಸುವವನಿಗೆ ಎದುರಿನದು ಕಾಣುವುದೇ ಇಲ್ಲ. ಬಲಗಡೆ ಕೂತವರು ತಲೆ ಹೊರಹಾಕಿ ನೋಡಿ ಹೇಳಬೇಕು. ಬಟ್ಟೆಮಲ್ಲಪ್ಪದ ಹತ್ತಿರ ದಿಮ್ಮಿ ಹೇರಿದ ಲಾರಿಯೊಂದು ಸಿಕ್ಕಿತು. ನನ್ನ ಕಣ್ಣಿಗೆ ಕೆಂಪು ಧೂಳು, ಮರದ ಬುಡ, ಅಷ್ಟೇ.

"ತಡಿ, ಬಸ್ ಬರ್ತಾ ಉಂಟು. ತಡಿ. ಹ್ಞಾಂ, ಈಗ ಹೊಡಿ ಮಾರಾಯ."

ಮೂರನೇ ಗೇರಿಗೆ ಇಳಿಸಿ ಒತ್ತಿದೆ. ಬೆನ್ನು ಸೀಟಿಗೆ ಅಂಟಿಕೊಂಡಿತು, ಲಾರಿ ಎಲ್ಲೋ ಹಿಂದೆ ಉಳಿಯಿತು. ಭಾವ ಧೂಳು ಮೆತ್ತಿದ ಮುಖದಲ್ಲೇ ನಕ್ಕರು. ಹೊಸನಗರದವರೆಗೆ ಅವರ ಮಾತಿನ ಮೇಲೆ ಜೀವ ಇಟ್ಟು ಓಡಿಸಿದೆ, ಒಮ್ಮೆಯೂ ಅವರು ತಪ್ಪು ಹೇಳಲಿಲ್ಲ. ಆ ಮನುಷ್ಯನ ಮೇಲೆ ನನಗೆ ಅಂದಿನಷ್ಟು ಪ್ರೀತಿ ಎಂದೂ ಹುಟ್ಟಿರಲಿಲ್ಲ.

ಹೊಸನಗರದಲ್ಲಿ ಟೀ ಕುಡಿಯೋಣ ಎಂದು ಅವರು ದಾರಿ ತೋರಿಸಿದ್ದು ಹೋಟೆಲಿಗಲ್ಲ, ಒಂದು ಗ್ಯಾರೇಜಿಗೆ. ಅಲ್ಲಿ ಮರದ ತುಂಡುಗಳ ಮೇಲೆ ಹಳೇ ವ್ಯಾನಿನ ಡೀಸೆಲ್ ಇಂಜಿನ್ ಕೂತಿತ್ತು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದರು.

"ಬಂದ್ರಾ? ಹೋದ ವಾರ ಸಾಗರದಿಂದ ನೀವು ತಂದುಕೊಟ್ಟ ಅಳತೆಗೇ ಕಬ್ಬಿಣದ ಪಟ್ಟಿ ಮಾಡಿಟ್ಟೀನಿ. ನಾಳೆ ಇದರ ಇಂಜಿನ್ ಇಳಿಸಿ ಆ ಡೀಸೆಲ್ಲನ್ನ ಕೂರಿಸ್ತೀನಿ."

ನಾನು ಭಾವನ ಮುಖ ನೋಡಿದೆ. ಅವರು ಟೀ ತರಿಸಲು ಯಾರನ್ನೋ ಕೂಗುತ್ತಿದ್ದರು.

"ಪೆಟ್ರೋಲ್ ಹಾಕಿ ಯಾರಿಗೆ ಪೂರೈಸ್ತದೆ ಮಾರಾಯ? ಮದುವೆ ದಿಬ್ಬಣಕ್ಕೆ ಬಾಡಿಗೆ ಬಿಡಾಣ. ಬ್ಯಾಂಡಿನ ಹಿಂದೆ ಮದುಮಗನ್ನ ಕೂರಿಸ್ಕೊಂಡು ಹೋಗಾಕೆ ಹೇಳಿ ಮಾಡಿಸಿದ ಗಾಡಿ ಇದು."

"ಮೊದಲೇ ಹೇಳ್ಬಹುದಿತ್ತಲ್ಲ ಭಾವ?"

"ಹೇಳಿದ್ರೆ ನೀನು ದುಡ್ಡೂ ಹಾಕ್ತಿರಲಿಲ್ಲ, ಓಡಿಸ್ಕೊಂಡೂ ಬರ್ತಿರಲಿಲ್ಲ. ನನಗೆ ಆ ಎಡಗಡೆ ಸ್ಟೇರಿಂಗ್ ಆಗಲ್ಲ."

ನಾಲ್ಕು ಮಾತು ಬಾಯಿಗೆ ಬಂದವು, ಅಕ್ಕನನ್ನು ನೆನೆದು ನುಂಗಿಕೊಂಡೆ. ಕೀಲಿಕೈಯನ್ನು ಮೇಸ್ತ್ರಿಯ ಬೆಂಚಿನ ಮೇಲಿಟ್ಟು ಬಸ್ ನಿಲ್ದಾಣಕ್ಕೆ ನಡೆದೆ. ಟೀ ಕುಡಿಯಲಿಲ್ಲ.

ತೀರ್ಥಹಳ್ಳಿ ಬಸ್ಸಿನಲ್ಲಿ ಸಿಕ್ಕಿದ್ದು ಬಲಗಡೆಯ ಕಿಟಕಿ. ಎದುರಿನ ರಸ್ತೆ ಚೆನ್ನಾಗಿ ಕಾಣುತ್ತಿತ್ತು. ನೋಡುವ ಮನಸ್ಸಿರಲಿಲ್ಲ.

ಅಕ್ಕನ ಮನೆ ಸೇರುವ ಹೊತ್ತಿಗೆ ಕತ್ತಲಾಗುತ್ತಿತ್ತು. ಪಾಪ, ಅವಳಿಗೆ ಗಂಡನ ಈ ಬುದ್ಧಿಯನ್ನು ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಅವಳು ಕಾಲಿಗೆ ನೀರು ಕೊಟ್ಟು, ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿ ಕೇಳಿದಳು:

"ನಿನ್ನ ಭಾವ ಅಲ್ಲೇ ಉಳಿದ್ರಾ? ಡೀಸೆಲ್ ಇಂಜಿನ್ ಕೂರಿಸಾಕೆ ಎಷ್ಟು ದಿನ ಅಂದ್ರೋ?"

ಚೀಲದಲ್ಲಿ ಪ್ಲಗ್ಗುಗಳು ಹಾಗೇ ಇದ್ದವು. ಡೀಸೆಲ್ ಇಂಜಿನ್ನಿಗೆ ಪ್ಲಗ್ ಬೇಕಾಗುವುದಿಲ್ಲ.