ಕಬ್ಬಿಗೂ ಪಾಳಿ, ನನಗೂ ಪಾಳಿ

ಆ ಚಳಿಗಾಲದಲ್ಲಿ ನಾನು ಸ್ನಾನಕ್ಕೆ ಹೋಗುವಾಗಲೂ ಫೋನ್ ಒಯ್ಯುತ್ತಿದ್ದೆ. "ನಿಮ್ಮ ಪಾಳಿ ಬಂದಾಗ ಫೋನ್ ಮಾಡ್ತೀವ್ರಿ" ಎಂದು ಸರಕಾರಿ ದವಾಖಾನೆಯವರು ಹೇಳಿ ಕಳಿಸಿದ್ದರು. ಮಕ್ಕಳಾಗದವರಿಗೆ ಅಲ್ಲಿ ಚಿಕಿತ್ಸೆ ಪುಕ್ಕಟೆ. ಖಾಸಗಿಯವರ ಬಾಗಿಲು ತಟ್ಟುವ ತಾಕತ್ತು ನಮಗಿರಲಿಲ್ಲ. "ವಯಸ್ಸಾಗಾಕತ್ತೈತಿ, ಇನ್ನ ತಡಾ ಮಾಡಬ್ಯಾಡ್ರಿ" ಎಂದಿದ್ದರು ಅಲ್ಲಿಯ ಡಾಕ್ಟರು. ತಡ ಮಾಡಬೇಡಿ ಎನ್ನುವವರೂ ಅವರೇ, ತಡ ಮಾಡುವವರೂ ಅವರೇ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಗೊತ್ತಿಲ್ಲದ ನಂಬರು ಕಂಡರೆ ಸಾಕು, ರೊಟ್ಟಿ ಬಡಿಯುವ ಹಿಟ್ಟಿನ ಕೈಯಲ್ಲೇ ಎತ್ತುತ್ತಿದ್ದೆ. ನೋಡಿದರೆ ವಿಮೆ ಮಾರುವ ಹುಡುಗಿ. ಅವಳನ್ನೂ ಬೈದಿದ್ದೇನೆ, ಪಾಪ.

ಅಂಕಲಿಯ ನಮ್ಮ ಮನೆಯಲ್ಲಿ ಇನ್ನೊಂದು ಪಾಳಿಯೂ ಇತ್ತು. ಮಹಾರಾಷ್ಟ್ರದಿಂದ ಬರುವ ಕಬ್ಬು ಕಡಿಯುವ ಗ್ಯಾಂಗನ್ನು ಫ್ಯಾಕ್ಟರಿಯವರು ಸರದಿಯಂತೆ ಹೊಲದಿಂದ ಹೊಲಕ್ಕೆ ಕಳಿಸುತ್ತಾರೆ. ನಮ್ಮ ಕಬ್ಬು ಆಗಲೇ ಹೂ ಬಿಟ್ಟಿತ್ತು. ಹೂ ಬಿಟ್ಟ ಮೇಲೂ ನಿಂತರೆ ರಸ ಆರಿ ಒಳಗೆ ಬೆಂಡಾಗುತ್ತದೆ, ತೂಕ ಇಳಿಯುತ್ತದೆ. ನನ್ನ ಗಂಡ ಚಹಾದಂಗಡಿಯಿಂದ ಹಿಡಿದು ಚಿಕ್ಕೋಡಿ ಬಸ್‌ಸ್ಟ್ಯಾಂಡಿನವರೆಗೆ ಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ಪೇಚಾಡುತ್ತಿದ್ದರು. ನನ್ನ ಪಾಳಿಯ ಮಾತು ಮಾತ್ರ ಅವರ ತುಟಿ ದಾಟುತ್ತಿರಲಿಲ್ಲ. ದವಾಖಾನೆಗೆ ಹೋಗಿ ಬಂದ ದಿನ ಯಾರಾದರೂ ಕೇಳಿದರೆ, "ಬೀಗರ ಊರಿಗೆ ಹೋಗಿದ್ವಿ" ಎನ್ನುತ್ತಿದ್ದರು.

"ಕಬ್ಬಿನ ಚಿಂತಿ ಊರಿಗೆಲ್ಲಾ ಹೇಳ್ತೀರಿ. ನಂದು ಹೇಳಾಕ ನಾಚಿಕಿ ಏನ್ರಿ?" ಎಂದು ಒಮ್ಮೆ ಸಿಡುಕಿದೆ. ಅವರು ಎಮ್ಮೆಗೆ ಇನ್ನೊಂದು ಹಿಡಿ ಮೇವು ಹಾಕಿದರು. ತಿರುಗಿ ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಎರಡೂ ಪಾಳಿ ಒಂದೇ ಸಂಜೆ ಬಂದವು. ಗ್ಯಾಂಗಿನವರು ಅಂಗಳದಲ್ಲಿ ಕೂತು ಚಹಾ ಕುಡಿಯುತ್ತಿದ್ದರು; ಬೆಳಗಾದರೆ ನಮ್ಮ ಕಬ್ಬು. ಮೊದಲ ಗಳಕ್ಕೆ ಕುಡುಗೋಲು ಹಾಕುವ ಮುಂಚೆ ಗಂಡ ಹೆಂಡತಿ ಕೂಡಿ ಕಾಯಿ ಒಡೆಯುವುದು ನಮ್ಮ ಮನೆಯ ಪದ್ಧತಿ, ಅದಿಲ್ಲದೆ ಕಡಿಯಲು ಅತ್ತೆ ಬಿಡುವವರಲ್ಲ. ಅತ್ತೆ ಕಾಯಿ ತೆಗೆದಿಡುತ್ತಿರುವಾಗಲೇ ದವಾಖಾನೆಯಿಂದ ಫೋನ್ ಬಂತು.

"ನಾಳೆ ಇಬ್ಬರೂ ಬರ್ರಿ. ನಿಮ್ಮ ಮುಂದಿನವ್ರು ಬರೂದಿಲ್ಲ ಅಂದ್ರು, ನಿಮ್ಮನ್ನ ತಗೋತೀವಿ."

ಬಾಗಿಲಲ್ಲಿ ನಿಂತು ಗಂಡನಿಗೆ ಹೇಳಿದೆ. ಗ್ಯಾಂಗನ್ನು ಬಿಟ್ಟುಕೊಟ್ಟರೆ ನಮ್ಮ ಕಬ್ಬು ಎಲ್ಲರ ಹಿಂದೆ ಬೀಳುತ್ತದೆ. "ಇನ್ನೊಮ್ಮೆ ನೋಡೂಣು" ಎನ್ನುತ್ತಾರೆಂದು ಬಾಯಲ್ಲಿ ಜಗಳ ತಯಾರಿಟ್ಟುಕೊಂಡೇ ನಿಂತಿದ್ದೆ.

ಅವರು ಚಹಾದ ಕಪ್ಪು ಕೆಳಗಿಟ್ಟು, ಗ್ಯಾಂಗಿನ ಮುಖ್ಯಸ್ಥ ಮುಕಾದಮನಿಗೆ ಮರಾಠಿಯಲ್ಲಿ ಹೇಳಿದರು: ನಾಳೆ ಪಕ್ಕದ ಹೊಲ ಕಡಿಯಿರಿ, ನಾವು ದವಾಖಾನೆಗೆ ಹೋಗಬೇಕು, ನಮಗೆ ಮಕ್ಕಳಾಗಿಲ್ಲ. ಎಲ್ಲರಿಗೂ ಕೇಳುವಂತೆ, ಗಟ್ಟಿಯಾಗಿ. ಜಗಳ ನನ್ನ ಬಾಯಲ್ಲೇ ಉಳಿಯಿತು. ಅತ್ತೆ ಆ ಕಾಯಿಯನ್ನೇ ತಂದು ನನ್ನ ಉಡಿಗೆ ಹಾಕಿದರು.

ಮರುದಿನ ದವಾಖಾನೆಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತೆವು. ಆಮೇಲೆ ನರ್ಸ್ ಬಂದು, "ಇಂಜೆಕ್ಷನ್ ಬಂದಿಲ್ರಿ. ಮತ್ತ ಫೋನ್ ಮಾಡ್ತೀವಿ" ಎಂದಳು. ಆ ಬೆಂಚನ್ನೇ ಎತ್ತಿ ಒಗೆಯಬೇಕೆನಿಸಿತು. ಬಸ್ಸು ಹತ್ತಿ ಹಿಂದಿರುಗಿದೆವು.

ಊರು ಮುಟ್ಟಿದಾಗ ಪಕ್ಕದ ಹೊಲ ಅರ್ಧ ಬೋಳಾಗಿತ್ತು. ನಮ್ಮದು ಹೂ ಹೊತ್ತುಕೊಂಡು ನಿಂತಿತ್ತು. ನನ್ನ ಗಂಡ ಒಂದು ಗಳ ಮುರಿದರು. ಮೇಲಿನದೆಲ್ಲ ಬೆಂಡು. ಅದನ್ನು ಎಸೆದು ಬುಡದ ತುಂಡನ್ನು ನನ್ನ ಕೈಗಿತ್ತರು.

"ತಿನ್ನು. ಇನ್ನೂ ಸೀ ಐತಿ."

ಬದುವಿನ ಮೇಲೆ ಕೂತು ಅಳುತ್ತಲೇ ತಿಂದೆ. ನಿಜಕ್ಕೂ ಸಿಹಿಯಾಗಿತ್ತು.

ಕಬ್ಬು ಕೊನೆಗೂ ಫ್ಯಾಕ್ಟರಿಗೆ ಹೋಯಿತು, ತೂಕ ಕಳೆದುಕೊಂಡೇ. ದವಾಖಾನೆಯ ಫೋನ್ ಇನ್ನೂ ಬಂದಿಲ್ಲ. ಆದರೆ ಈಗ ಫೋನ್ ಸದ್ದಾದರೆ ನನಗಿಂತ ಮೊದಲು ಅವರೇ ಎದ್ದು ಓಡುತ್ತಾರೆ. ಮೊನ್ನೆ ವಿಮೆಯ ಹುಡುಗಿಯನ್ನು ಬೈದವರೂ ಅವರೇ.