ಹನ್ನೊಂದು ದಿನ ಬಿಟ್ಟ ಆಸ್ಪಿರಿನ್

ಅಕ್ಕನ ಮೊದಲ ಮಗು ಹುಟ್ಟಿದಾಗ ಒಂದು ಕಿಲೋ ಏಳುನೂರು ಗ್ರಾಂ ಇತ್ತು. ಅಕ್ಕನಿಗೆ ಬಿಪಿ ಏರಿ, ಹೊಟ್ಟೆಯೊಳಗೆ ಮಗುವಿನ ಬೆಳವಣಿಗೆ ನಿಂತು, ದಿನ ತುಂಬುವ ಮೊದಲೇ ಮಂಡ್ಯದಲ್ಲಿ ಆಪರೇಷನ್ ಮಾಡಿ ತೆಗೆದಿದ್ದರು. ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿದ್ದ ಆ ಹುಡುಗಿ ಈಗ ಬೆಸಗರಹಳ್ಳಿಯ ಮನೆಯಂಗಳದಲ್ಲಿ ಕೋಳಿಗಳನ್ನು ಅಟ್ಟಾಡಿಸುತ್ತಾಳೆ. ಆದರೂ ಎರಡನೆಯ ಬಸುರಿನಲ್ಲಿ ಅಕ್ಕನಿಗೆ ಇದ್ದದ್ದು ಒಂದೇ ಭಯ: ಇದೂ ಬೆಳೆಯದಿದ್ದರೆ?

ಹನ್ನೆರಡನೆಯ ವಾರ ಮದ್ದೂರಿನ ಡಾಕ್ಟರಮ್ಮ ಕಡಿಮೆ ಪ್ರಮಾಣದ ಆಸ್ಪಿರಿನ್ ಬರೆದುಕೊಟ್ಟರು. ದಿನಕ್ಕೊಂದು, ರಾತ್ರಿ ಊಟದ ಮೇಲೆ. ಅಕ್ಕನ ಅತ್ತೆ ಅದನ್ನು ತಡೆಯಲಿಲ್ಲ, ತಿದ್ದಿದರು. ಅವರ ಪ್ರಕಾರ ಇಂಗ್ಲಿಷ್ ಮಾತ್ರೆ ಉಷ್ಣ, ಹುರುಳಿಯೂ ಉಷ್ಣ. ಆದ್ದರಿಂದ ಹುರುಳಿ ಬಸ್ಸಾರು ಮಾಡಿದ ದಿನ ಮಾತ್ರೆಗೆ ರಜೆ. ಆ ಮನೆಯಲ್ಲಿ ವಾರಕ್ಕೆರಡು ಸಲವಾದರೂ ಹುರುಳಿ ಬೇಯುತ್ತದೆ.

ನಾನು ಆಗ ಮಂಡ್ಯದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು; ಎರಡಕ್ಕೂ ತಯಾರಿರುತ್ತಿದ್ದೆ. ಒಂದು ಭಾನುವಾರ ಅಕ್ಕನ ಮನೆಗೆ ಹೋದಾಗ ಈ ರಜೆಯ ವಿಷಯ ಕಿವಿಗೆ ಬಿತ್ತು.

“ಉಷ್ಣ ಅಂದ್ರೆ ಏನತ್ತೆ? ಜ್ವರದ ಕಡ್ಡಿ ಇಟ್ಟು ನೋಡಿದ್ದೀರಾ?”

“ಕಡ್ಡಿ ಯಾಕವ್ವಾ? ಮೂರು ಹೆತ್ತಿವ್ನಿ ನಾನು. ನೀನೆಷ್ಟು ಹೆತ್ತಿದ್ದೀಯೆ?”

“ಹೆತ್ತವರಿಗೆಲ್ಲ ವೈದ್ಯ ಗೊತ್ತಿದ್ರೆ ಆಸ್ಪತ್ರೆ ಯಾಕೆ ಕಟ್ಟಿಸ್ತಿದ್ರು?”

“ಅಯ್ಯೋ, ನಿನ್ ಬಾಯ್ಗೆ ಬೀಗ ಆಕೋ ಗಂಡು ಎಲ್ಲವ್ನೋ ಕಣವ್ವಾ!” ಎಂದು ಅವರು ಒಳಗೆ ಹೋದರು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಒಬ್ಬರನ್ನೇ ಕೆಡವಿದರೆ ಪಕ್ಷಪಾತವಾದೀತೆಂದು ಡಾಕ್ಟರನ್ನೂ ವಾದಕ್ಕೆಳೆದೆ. ಇದು ಹೃದಯದ ರೋಗಿಗಳು ನುಂಗುವುದಲ್ಲವೇ? ರಕ್ತ ತೆಳುವಾಗಿಸುವುದಲ್ಲವೇ? ಬಸುರಿಗೆ ಯಾಕೆಂದು ಒಂದು ಸಾಲಾದರೂ ಹೇಳಿದರೇ? ಫೋನಿನಲ್ಲಿ ಹುಡುಕಿ, ನೋವಿಗೆ ನುಂಗುವ ದೊಡ್ಡ ಪ್ರಮಾಣದ ಆಸ್ಪಿರಿನ್ನಿನ ಎಚ್ಚರಿಕೆಗಳನ್ನು ಗಟ್ಟಿಯಾಗಿ ಓದಿದೆ. ಕಡಿಮೆ ಪ್ರಮಾಣದ ಮಾತ್ರೆಯ ವಿಷಯ ಬೇರೆ ಎಂಬ ಸಾಲೂ ಕಣ್ಣಿಗೆ ಬಿದ್ದಿತ್ತು. ವಾದಕ್ಕೆ ಒದಗದ ಸಾಲು, ಬಿಟ್ಟೆ. ಅಕ್ಕ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡಳು.

ಹನ್ನೊಂದು ದಿನದ ಮೇಲೆ ಮತ್ತೆ ಹೋದಾಗ ಹಾಳೆಯಲ್ಲಿ ಆ ಭಾನುವಾರ ಕಂಡಷ್ಟೇ ಮಾತ್ರೆಗಳು ಉಳಿದಿದ್ದವು.

“ನೀನೇ ಬ್ಯಾಡ ಅಂದ್ಯಲ್ಲ, ಬುಟ್ಟೆ” ಎಂದಳು ಅಕ್ಕ.

“ನಾನು ಬೇಡ ಅನ್ನಲಿಲ್ಲ. ಪ್ರಶ್ನೆ ಕೇಳಿದೆ ಅಷ್ಟೆ.”

“ಲೇ, ಒಟ್ಟೇಲಿ ಕೂಸು ಮಡಿಕ್ಕಂಡಿರೋಳ್ಗೆ ಎಲ್ಡೂ ಒಂದೇ ಕಣೇ.”

ಮರುದಿನ ಇಬ್ಬರೂ ಮದ್ದೂರಿನ ಬಸ್ಸು ಹತ್ತಿದೆವು.

ಡಾಕ್ಟರಮ್ಮ ಬೈಯಲಿಲ್ಲ. ಯಾಕೆಂದು ಹೇಳದಿದ್ದದ್ದು ತಮ್ಮದೂ ತಪ್ಪು ಎಂದರು. “ಮಾಸಿನ ಮೂಲಕ ತಾನೇ ಮಗುವಿಗೆ ಊಟ ಹೋಗೋದು? ಆ ಮಾಸಿಗೆ ರಕ್ತ ಸರಾಗವಾಗಿ ಹರೀಲಿ ಅಂತ ಈ ಮಾತ್ರೆ. ಎಲ್ಲ ಬಸುರಿಯರಿಗೂ ಬರೆಯಲ್ಲ. ನಿಮ್ಮಕ್ಕನಿಗೆ ಹೋದ ಸಲ ಹಾಗಾಗಿತ್ತಲ್ಲ, ಅದಕ್ಕೆ.”

“ನುಂಗಿದರೆ ಮಗು ಬೆಳೆಯೋದು ಖಂಡಿತಾನಾ?” ಎಂದು ನಾನು ಕೇಳಿದೆ.

“ಇಲ್ಲ. ತೊಂದರೆ ಆಗೋ ಸಂಭವ ಕಮ್ಮಿ ಆಗುತ್ತೆ, ಅಷ್ಟೆ. ಹದಿನಾರು ವಾರದೊಳಗೆ ಶುರು ಮಾಡಿದ್ರೆ ಹೆಚ್ಚು ಒಳ್ಳೇದು. ಈಗ ಹದಿನೈದು. ಇವತ್ತಿಂದ ಬಿಡದೆ ನುಂಗಲಿ. ಹುರುಳೀನೂ ತಿನ್ನಲಿ. ನಿಲ್ಲಿಸೋದು ಯಾವಾಗ ಅಂತ ನಾನು ಹೇಳ್ತೀನಿ.”

ಗೆಲ್ಲುವುದಕ್ಕೆ ಇಷ್ಟು ಕಡಿಮೆ ಮಾತಾಡುವವರನ್ನು ನಾನು ಯಾವ ವೇದಿಕೆಯಲ್ಲೂ ನೋಡಿರಲಿಲ್ಲ. ಅವರು ಖಂಡಿತ ಎಂದಿದ್ದರೆ ನಾನು ನಂಬುತ್ತಿರಲಿಲ್ಲವೇನೋ.

ಆಮೇಲೆ ಪ್ರತಿ ಸ್ಕ್ಯಾನಿಗೂ ಜೊತೆಗೆ ಹೋದೆ. ಮಗು ವಾರಕ್ಕೆ ತಕ್ಕಂತೆ ಬೆಳೆಯುತ್ತಿತ್ತು. ಬಿಪಿ ಒಮ್ಮೆ ಸ್ವಲ್ಪ ಏರಿ ಇಳಿಯಿತು. ದಿನ ತುಂಬಿ ಹುಟ್ಟಿದ ಗಂಡುಮಗು ಎರಡು ಕಿಲೋ ಆರುನೂರು ಗ್ರಾಂ ತೂಗಿತು. ಅತ್ತೆ ಮನೆದೇವರಿಗೆ ಕೈಮುಗಿದರು. ಮಾತ್ರೆಯಿಂದಲೇ ಬೆಳೆಯಿತೆಂದು ನಾನೂ ಸಾಧಿಸಲಾರೆ. ಒಂದೇ ಬಸುರನ್ನು ಎರಡು ಸಲ ನಡೆಸಿ ನೋಡಲಾಗದು.

ಮೂರನೆಯ ದಿನ ಅಕ್ಕ ಹಾಲು ಕುಡಿಸುತ್ತಾ ಕೇಳಿದಳು: “ಆ ಅನ್ನೊಂದು ದಿನ ಬುಡ್ದೆ ನುಂಗಿದ್ರೆ ಇವ್ನು ಇನ್ನೂ ದಪ್ಪ ಇರ್ತಿದ್ನಾ?”

“ಗೊತ್ತಿಲ್ಲ” ಎಂದೆ.

“ಗೊತ್ತಿಲ್ಲ ಅಂತ ನಿನ್ ಬಾಯಲ್ಲಿ ಇದೇ ಮೊದ್ಲು ಕಣೇ” ಎಂದು ಅವಳು ಮಗುವನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು.